ಬೀಗದ ಕಾರ್ಖಾನೆಗೆ ಸುಧಾರಣೆ ಬಂದದ್ದು

ಮಾರ್ಚ್ 4, ಸೋಮವಾರ

ಇಂದು ಬೆಳಗ್ಗೆ ನಮ್ಮ ಬೀಗದ ಕಾರ್ಖಾನೆಗೆ ಸುಧಾರಣೆಯ ಶುಭಾಗಮನವಾಯಿತು. ಗಿಡ್ಡ ಆಳು, ದಪ್ಪ ಕನ್ನಡಕ, ಕ್ಯಾನ್ವಾಸ್ ಶೂ, ಜೇಬಿನಲ್ಲಿ ಒಂದು ಚಾಕ್‌ಪೀಸು. ಮುಖ್ಯ ಕಚೇರಿಯವರು ಈ ಅಧಿಕಾರಿಣಿಯನ್ನು ಜಪಾನಿಗೆ ಕಳಿಸಿ ಕಲಿಸಿ ತಂದಿದ್ದಾರಂತೆ. ಕಲಿತು ಬಂದ ವಿದ್ಯೆಗೆ ಕೈಜೆನ್ ಎಂದು ಹೆಸರು. ದಿನವೂ ಒಂದಿಷ್ಟು, ಎಲ್ಲರೂ ಸೇರಿ, ಎಂದೂ ಮುಗಿಯದ ಹಾಗೆ ಸುಧಾರಿಸುತ್ತಾ ಹೋಗುವುದಂತೆ. ‘ಎಂದೂ ಮುಗಿಯದ ಹಾಗೆ’ ಎಂಬಲ್ಲಿ ನಮ್ಮ ಮೇಸ್ತ್ರಿ ಗಂಟಲೊಳಗೇ ನರಳಿದ್ದು ನನಗೆ ಕೇಳಿಸಿತು.

ಆಕೆ ಬರಲು ಕಾರಣವಿದೆ. ಕೆಲವು ತಿಂಗಳಿಂದ ನಮ್ಮ ಬೀಗಗಳು ವಾಪಸು ಬರುತ್ತಿವೆ. ಕೊಂಡವರು ಮನೆಗೆ ಬೀಗ ಹಾಕಿ ಹೋಗಿ ಬಂದು ನೋಡಿದರೆ ಡಬ್ಬಿಯಲ್ಲಿ ಸಿಕ್ಕ ಕೀಲಿಕೈ ತಿರುಗುವುದಿಲ್ಲ. ಯಾರದೋ ಬೀಗಕ್ಕೆ ಯಾರದೋ ಕೀಲಿಕೈ.

ಕಾರ್ಖಾನೆಯಲ್ಲಿ ಈ ಜೋಡಿ ಕೂಡಿಸುವವನು ನನ್ನ ಅಪ್ಪ. ಬೀಗದ ಹೊಟ್ಟೆಯ ಮೇಲೂ ಕೀಲಿಕೈಯ ತಲೆಯ ಮೇಲೂ ಒಂದೇ ಅಂಕಿ ಒತ್ತಿರುತ್ತದೆ. ಆಮೇಲೆ ಕೀಲಿಕೈಗಳೆಲ್ಲ ಹೊಳಪು ಹಾಕುವ ಪೀಪಾಯಿಯೊಳಗೆ ಹೋಗಿ ಉರುಳಾಡಿ, ಛತ್ರದಲ್ಲಿ ಚಪ್ಪಲಿ ಬಿಟ್ಟ ಹಾಗೆ ರಾಶಿಯಾಗಿ ಹೊರಬರುತ್ತವೆ. ಅಪ್ಪ ಅಂಕಿ ನೋಡಿ, ಜೋಡಿ ಹುಡುಕಿ, ತಂತಿಯಲ್ಲಿ ಕಟ್ಟಿ ಪಕ್ಕದ ಮೇಜಿಗೆ ತಳ್ಳುತ್ತಾನೆ. ಆ ಪಕ್ಕದ ಮೇಜಿನ ಮಹಾರಾಣಿ ನಾನು. ಡಬ್ಬಿಗೆ ಹಾಕಿ ಮುಚ್ಚುವುದು ನನ್ನ ರಾಜ್ಯಭಾರ.

ಸುಧಾರಣೆಯನ್ನು ಒಂದು ವಾರದಲ್ಲಿ ಓಡಿಸುವೆನೆಂದು ಊಟದ ಹೊತ್ತಿಗೆ ಎಲ್ಲರೆದುರು ಘೋಷಿಸಿದ್ದೇನೆ. ಅಪ್ಪ ಮಾತ್ರ, ಸುಮ್ನೆ ಕೂತ್ಕೋ ಕೋತಿ, ಎಂದ.

ಮಾರ್ಚ್ 5, ಮಂಗಳವಾರ

ಕೆಂಪು ಚೀಟಿಗಳನ್ನು ಹಂಚಿದರು. ಬೇಡದ ವಸ್ತು ಕಂಡರೆ ಅದಕ್ಕೊಂದು ಕಟ್ಟಬೇಕು, ಆಮೇಲೆ ಅದನ್ನು ಸಾಗಹಾಕುತ್ತಾರೆ. ಮುರಿದ ಬಕೆಟ್ಟು, ತುಕ್ಕು ಹಿಡಿದ ಅರ, ಕಾಲಿಲ್ಲದ ಸ್ಟೂಲು, ಎಲ್ಲಕ್ಕೂ ಎಲ್ಲರೂ ಕಟ್ಟಿದರು. ನಾನು ಬಹಳ ಯೋಚಿಸಿ, ಕಾರ್ಖಾನೆಯ ಹಿತವನ್ನೇ ಮುಂದಿಟ್ಟುಕೊಂಡು, ಮೇಸ್ತ್ರಿಯ ತಿರುಗುವ ಕುರ್ಚಿಗೆ ಕಟ್ಟಿದೆ.

ಭೂಕಂಪಕ್ಕೆ ಕಾದು ಕುಳಿತೆ. ಆಗಿದ್ದೇ ಬೇರೆ. ಆಕೆ ಕುರ್ಚಿಯ ಮುಂದೆ ನಿಂತು, ಇದರಲ್ಲಿ ಯಾಕೆ ಕೂರ್ತೀರಿ ಎಂದು ಮೇಸ್ತ್ರಿಯನ್ನು ಕೇಳಿದರು. ಕೆಲಸ ನೋಡೋಕೆ ಮೇಡಂ, ಎಂದರು ಮೇಸ್ತ್ರಿ. ಆಕೆ ತಾವೇ ಕುಳಿತು ನೋಡಿದರು. ಅಲ್ಲಿಂದ ಕಾಣುವುದು ಒಂದು ಕಂಬ ಮಾತ್ರ. ಕುರ್ಚಿ ಹೋಯಿತು.

ಎಲ್ಲರ ಮುಂದೆ ನನಗೆ ಧನ್ಯವಾದ ಹೇಳಿ ಚಪ್ಪಾಳೆ ತಟ್ಟಿಸಿದರು. ಹುಟ್ಟಿದಾಗಿನಿಂದ ಮಾಡಿದ ಕಿಡಿಗೇಡಿತನಗಳಲ್ಲಿ ಒಂದಕ್ಕೂ ಇಷ್ಟು ಅವಮಾನವಾಗಿರಲಿಲ್ಲ. ಮೇಸ್ತ್ರಿ ದಿನವಿಡೀ ನನ್ನನ್ನು ಚಪ್ಪಲಿಯೊಳಗಿನ ಮುಳ್ಳನ್ನು ನೋಡುವಂತೆ ನೋಡಿದರು.

ಮಾರ್ಚ್ 7, ಗುರುವಾರ

ಆಕೆಗೆ ಯಾಕಮ್ಮ ಎಂದು ನಾಮಕರಣ ಮಾಡಿದ್ದೇನೆ. ಏನೇ ಹೇಳಿದರೂ ಐದು ಸಲ ಯಾಕೆ ಎನ್ನುತ್ತಾರೆ. ಅದೂ ಆ ವಿದ್ಯೆಯ ಭಾಗವೇ ಅಂತೆ: ಮೊದಲನೆಯ ಉತ್ತರಕ್ಕೆ ನಿಲ್ಲಬಾರದು, ಅಗೆಯುತ್ತಾ ಹೋಗಬೇಕು. ಜೊತೆಗೆ ಎಲ್ಲರಿಗೂ ‘ನೀವು’. ನನಗೂ. ಕೇಳಿ ಮೈ ಉರಿಯುತ್ತದೆ.

ಸಲಹೆ ಪೆಟ್ಟಿಗೆಗೆ ನಾನೊಂದು ಸಲಹೆ ಹಾಕಿದ್ದೆ: ‘ಎಲ್ಲರೂ ಗಡಿಯಾರ ನೋಡುವುದರಲ್ಲೇ ಕಾಲ ಕಳೆಯುವುದರಿಂದ ಸದರಿ ಗಡಿಯಾರವನ್ನು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸತಕ್ಕದ್ದು.’ ಬೈಯುತ್ತಾರೆಂದು ನಾಲಿಗೆ ಹರಿತ ಮಾಡಿಕೊಂಡು ಹೋದೆ. ಯಾಕೆ ನೋಡ್ತಾರೆ? ಚಹಾದ ಗಂಟೆ ಕೇಳಿಸಲ್ಲ. ಯಾಕೆ ಕೇಳಿಸಲ್ಲ? ಪೀಪಾಯಿ ಸದ್ದು. ಸಂಜೆಯೊಳಗೆ ಗಂಟೆಯ ಬದಲು ಹಸಿರು ದೀಪವೊಂದು ನೇತಾಡುತ್ತಿತ್ತು. ಪೀಪಾಯಿ ನಡೆಸುವ ಅಣ್ಣ ಬಂದು, ಎಷ್ಟೋ ವರ್ಷದ ಮೇಲೆ ಬಿಸಿ ಚಹಾ ಕುಡಿದೆ ಕಣಮ್ಮ, ಎಂದು ನನ್ನ ಕೈ ಕುಲುಕಿದ.

ಈ ಹೆಂಗಸಿಗೆ ಸಿಟ್ಟು ಬರುವುದಿಲ್ಲ. ಸಿಟ್ಟು ಬಾರದವರ ಮುಂದೆ ನಾನು ಹೊಟ್ಟೆಪಾಡು ನಡೆಸುವುದಾದರೂ ಹೇಗೆ?

ಮಾರ್ಚ್ 11, ಸೋಮವಾರ

ಹೊಸ ಪೀಡೆ. ಕೆಲಸ ಶುರುವಾಗುವ ಮುಂಚೆ ಎಲ್ಲರೂ ನಿಂತುಕೊಂಡು ಒಂದು ಸಭೆ. ಯಾಕಮ್ಮನವರು ಒಬ್ಬೊಬ್ಬರನ್ನೇ ಕೇಳುತ್ತಾರೆ, ನಿಮಗೇನು ತೊಂದರೆ? ಎಲ್ಲರದ್ದೂ ಒಂದೇ ಉತ್ತರ, ಏನಿಲ್ಲ ಮೇಡಂ. ಅಪ್ಪನದ್ದೂ ಅದೇ. ನಾನು, ಈ ಸಭೆಯೇ ತೊಂದರೆ, ಎಂದೆ. ಅದನ್ನೂ ಗುರುತು ಹಾಕಿಕೊಂಡರು.

ಪಾಪ, ಅವರಿಗೆ ಗೊತ್ತಿಲ್ಲ. ಹೋದ ವರ್ಷ ಸಾಣೆ ಹಿಡಿಯುವವನು ಮೇಸ್ತ್ರಿಯ ಹತ್ತಿರ, ಯಾಕೋ ಕಿವಿ ಸರಿಯಾಗಿ ಕೇಳ್ತಾ ಇಲ್ಲ, ಎಂದು ಹೇಳಿದ. ಮುಂದಿನ ವಾರ ಅವನು ಕೆಲಸ ಹೋಗಿ ಮನೆಯಲ್ಲಿದ್ದ. ಅಂದಿನಿಂದ ನಮ್ಮಲ್ಲಿ ಯಾರಿಗೂ ಏನೂ ತೊಂದರೆಯಿಲ್ಲ. ಎಲ್ಲರೂ ಪರಮ ಸುಖಿಗಳು.

ಕೈಜೆನ್ ಎಷ್ಟು ಹಾಸ್ಯಾಸ್ಪದವೆಂದು ತೋರಿಸಲು ಮನೆಯಲ್ಲಿ ಅಮ್ಮನ ಡಬ್ಬಿಗಳನ್ನೆಲ್ಲ ಇಳಿಸಿ, ದಿನಾ ಬೇಕಾದದ್ದು ಕೈಯಳತೆಗೆ, ಅಪರೂಪದ್ದು ಮೇಲಕ್ಕೆ ಎಂದು ಜೋಡಿಸಿದೆ. ಅಮ್ಮ ನಗಬೇಕಿತ್ತು. ನಗಲಿಲ್ಲ. ಮೊದಲೇ ಯಾಕೆ ಮಾಡ್ಲಿಲ್ಲ ಎಂದು ಬೈದಳು.

ಮಾರ್ಚ್ 13, ಬುಧವಾರ

ಇಂದು ನನ್ನ ವೃತ್ತಿಜೀವನದ ಶಿಖರ. ಸಲಹೆ ಪೆಟ್ಟಿಗೆಯ ಬೀಗ ತೆಗೆದು, ನಮ್ಮದೇ ಇನ್ನೊಂದು ಬೀಗ ಹಾಕಿ, ಹಳೆಯ ಕೀಲಿಕೈಯನ್ನು ಹಾಗೇ ಬಿಟ್ಟೆ. ಯಾಕಮ್ಮನವರು ಬಂದು ತಿರುಗಿಸಿದರು. ತಿರುಗಲಿಲ್ಲ. ಒರೆಸಿ ತಿರುಗಿಸಿದರು, ಮಗುಚಿ ಹಾಕಿ ತಿರುಗಿಸಿದರು. ಎಲ್ಲರೂ ನೋಡುತ್ತಿದ್ದರು. ಆಕೆ ಕೀಲಿಕೈಯನ್ನು ಪೆಟ್ಟಿಗೆಯ ಮೇಲಿಟ್ಟು, ನನ್ನ ಕಡೆ ತಿರುಗಿದರು.

“ಕೊಂಡವರಿಗೆ ಹೇಗಾಗುತ್ತೆ ಅಂತ ನನಗೆ ಇವತ್ತು ಗೊತ್ತಾಯ್ತು.”

ಆಮೇಲೆ ಜೇಬಿನಿಂದ ಚಾಕ್‌ಪೀಸು ತೆಗೆದು, ನನ್ನ ಮೇಜಿನಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಒಂದು ವೃತ್ತ ಬರೆದರು. ನಾಳೆ ನಾನು ಡಬ್ಬಿ ಮುಚ್ಚಬೇಕಾಗಿಲ್ಲವಂತೆ. ಆ ವೃತ್ತದೊಳಗೆ ನಿಂತು ಬರೀ ನೋಡಬೇಕಂತೆ. ಮಾತಿಲ್ಲ, ಕೆಲಸವಿಲ್ಲ. ಸಂಜೆಗೆ ಏನು ಕಂಡಿತೆಂದು ಹೇಳಬೇಕು. ಇದು ಶಿಕ್ಷೆಯಲ್ಲ, ಜಪಾನಿನಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳನ್ನೇ ಹೀಗೆ ನಿಲ್ಲಿಸುತ್ತಾರೆ ಎಂದರು. ಅಲ್ಲಿಯ ಅಧಿಕಾರಿಗಳ ಬಗ್ಗೆ ನನಗೆ ಈಗಲೇ ಕನಿಕರ ಬಂದಿದೆ.

ಮಾರ್ಚ್ 14, ಗುರುವಾರ

ನಿಂತೆ.

ಮೊದಲು ಕಂಡದ್ದು ನೊಣಗಳು. ಆಮೇಲೆ ಮೇಸ್ತ್ರಿ ಕುರ್ಚಿಯಿಲ್ಲದೆ ಎಲ್ಲೆಲ್ಲಿ ಒರಗುತ್ತಾರೆ ಎಂಬುದು. ಊಟಕ್ಕೆ ಮುಂಚೆ ಒಮ್ಮೆ ಜೋರಾಗಿ ಆಕಳಿಸಿ ಪೀಪಾಯಿ ಅಣ್ಣನನ್ನೂ ಆಕಳಿಸುವಂತೆ ಮಾಡಿದೆ. ಅದೇ ಈ ದಿನದ ಸಾಧನೆ.

ನೋಡಲು ಬೇರೇನೂ ಉಳಿಯದೆ ಅಪ್ಪನನ್ನು ನೋಡಿದೆ. ಇಷ್ಟು ವರ್ಷ ಪಕ್ಕದಲ್ಲೇ ಕೂತು ಹರಟುತ್ತಿದ್ದವಳು ಅವನನ್ನು ನೋಡಿಯೇ ಇರಲಿಲ್ಲ. ಅಪ್ಪ ಬೀಗ ಎತ್ತುತ್ತಾನೆ. ಕಿಟಕಿಯ ಕಡೆ ವಾಲಿಸುತ್ತಾನೆ. ಮೂಗಿನ ಹತ್ತಿರ ತರುತ್ತಾನೆ. ಹೆಬ್ಬೆರಳಿನಿಂದ ಅಂಕಿಯನ್ನು ಸವರುತ್ತಾನೆ. ಕೀಲಿಕೈಯನ್ನೂ ಹಾಗೇ ಸವರುತ್ತಾನೆ. ಆಮೇಲೆ ಒಮ್ಮೆ ಮೇಸ್ತ್ರಿ ಎಲ್ಲಿದ್ದಾರೆ ಎಂದು ನೋಡಿ ಕಟ್ಟಿಬಿಡುತ್ತಾನೆ.

ಊಟಕ್ಕೆ ಹೋಗುವಾಗ ದಾರಿಯಲ್ಲಿ ಅವನು ಕಟ್ಟಿಟ್ಟದ್ದರಲ್ಲಿ ಒಂದನ್ನು ಎತ್ತಿಕೊಂಡೆ. ಬೀಗದ ಮೇಲೆ ಕೊನೆಯ ಅಂಕಿ ಮೂರು. ಕೀಲಿಕೈಯ ಮೇಲೆ ಎಂಟು.

ಸಂಜೆ ಯಾಕಮ್ಮನವರು ಬಂದು ಏನು ಕಂಡಿತು ಎಂದರು. ಕಂಬ ಕಂಡಿತು ಎಂದೆ. ಆಕೆ ತಲೆಯಾಡಿಸಿದರು. ನಾಳೆಯೂ ನಿಲ್ಲಬೇಕಂತೆ.

ಮನೆಗೆ ನಡೆದು ಬರುವಾಗ ಅಪ್ಪ ಕೇಳಿದ.

“ಏನು ಕಾಣ್ತು ನಿನಗೆ ಅಲ್ಲಿ?”

“ಕಂಬ.”

“ಹೇಗಿದೆ ಕಂಬ?”

“ಗಟ್ಟಿಯಾಗೇ ಇದೆ.”

ಇನ್ನೇನು ಬರೆಯಲಿ.

ಮಾರ್ಚ್ 16, ಶನಿವಾರ

ಬುಧವಾರದಿಂದ ಒಂದೂ ಕಿಡಿಗೇಡಿತನ ಆಗಿಲ್ಲ. ನಿನ್ನೆಯೂ ವೃತ್ತದಲ್ಲಿ ನಿಂತು ಕಂಬವನ್ನೇ ಕಂಡೆ, ಇಂದು ಮೇಜಿಗೆ ಮರಳಿದ್ದೇನೆ. ಪುರುಸೊತ್ತಿಲ್ಲ. ಅಪ್ಪ ಕಟ್ಟಿ ತಳ್ಳಿದ ಪ್ರತಿಯೊಂದನ್ನೂ ಮೇಜಿನ ಕೆಳಗೆ ಹಿಡಿದು ತಿರುಗಿಸಿ ನೋಡಿ, ತಪ್ಪಿದ್ದರೆ ಸರಿಜೋಡಿ ಹುಡುಕಿ, ಆಮೇಲೆ ಡಬ್ಬಿಗೆ ಹಾಕುತ್ತಿದ್ದೇನೆ. ನನ್ನ ಮೇಜಿನ ಮೇಲೆ ರಾಶಿ ಬೆಳೆಯುತ್ತಿದೆ. ಮೇಸ್ತ್ರಿ ಬಂದು, ಹರಟೆ ಕಮ್ಮಿ ಮಾಡು ಹುಡುಗಿ, ಎಂದು ಗದರಿದರು. ಬದುಕಿನಲ್ಲಿ ಮೊದಲ ಬಾರಿ ಬಾಯಿ ಮುಚ್ಚಿ ಕೆಲಸ ಮಾಡುತ್ತಿರುವಾಗ ಈ ಮಾತು.

ಸೆಕೆಯಾಗುತ್ತದೆ ಎಂದು ಗಲಾಟೆ ಮಾಡಿ ನಮ್ಮಿಬ್ಬರ ಮೇಜುಗಳನ್ನೂ ಕಿಟಕಿಯ ಹತ್ತಿರಕ್ಕೆ ಎಳೆಸಿದೆ. ತಲೆಯ ಮೇಲಿನ ಬಲ್ಬು ಬದಲಾಯಿಸಿದೆ. ನಿನಗೂ ಆ ಹುಚ್ಚು ಹತ್ತಿತಾ ಎಂದ ಅಪ್ಪ. ಹೌದು ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಒಂದು ವಿಷಯ ಹೊಳೆಯುತ್ತಿದೆ, ಹೊಳೆದು ಸಿಟ್ಟು ಬರುತ್ತಿದೆ. ಬಹಳ ದಿನದಿಂದ ಅಪ್ಪ ಪೇಪರು ಓದುವುದು ಬಿಟ್ಟಿದ್ದಾನೆ. ಅದರಲ್ಲೇನಿದೆ ಮಣ್ಣು, ಎನ್ನುತ್ತಿದ್ದ. ನಾವು ಅದನ್ನು ವೈರಾಗ್ಯ ಎಂದುಕೊಂಡಿದ್ದೆವು.

ಮಾರ್ಚ್ 19, ಮಂಗಳವಾರ

ಪೀಪಾಯಿ ಅಣ್ಣನನ್ನು ಸುಮ್ಮನೆ ಮಾತಿಗೆಳೆದೆ. ಮೊದಲೆಲ್ಲ ಅಪ್ಪ ಪ್ರತಿ ಕೀಲಿಕೈಯನ್ನೂ ಬೀಗಕ್ಕೆ ಹಾಕಿ ತಿರುಗಿಸಿಯೇ ಕಟ್ಟುತ್ತಿದ್ದನಂತೆ. ಹಾಗಾದರೆ ಯಾಕೆ ಬಿಟ್ಟ? ಮೇಸ್ತ್ರಿ ಬಿಡಿಸಿದರಂತೆ. ಯಾಕೆ? ಗೋಡೆಯ ಹಲಗೆಯ ಮೇಲೆ ದಿನಕ್ಕೆ ಎಷ್ಟು ಬೀಗ ಆಯಿತೆಂಬ ಲೆಕ್ಕ ಏರಬೇಕಲ್ಲ, ಅಂಕಿ ನೋಡಿ ಕಟ್ಟು, ಸಾಕು ಎಂದರಂತೆ. ಯಾಕೆ ಏರಬೇಕು? ಪೀಪಾಯಿ ಅಣ್ಣ ನನ್ನನ್ನು ವಿಚಿತ್ರವಾಗಿ ನೋಡಿ, ಏನಮ್ಮ ನೀನೂ ಅವರ ಹಾಗೇ ಶುರು ಮಾಡಿದೆ, ಎಂದ.

ಥೂ.

ಮಾರ್ಚ್ 22, ಶುಕ್ರವಾರ

ವಾಪಸು ಬಂದ ಬೀಗಗಳ ಪೆಟ್ಟಿಗೆ ಇಂದು ಮತ್ತೆ ಬಂತು. ನಾನು ತಿರುಗಿಸಿ ನೋಡಲು ಶುರು ಮಾಡುವ ಮುಂಚೆ ಹೋದವು. ವೃತ್ತದಲ್ಲಿ ನಿಂತಿದ್ದಾಗ ಹೋದವೂ ಇರಬೇಕು. ಒಂದು ಬೀಗವನ್ನು ಗರಗಸದಿಂದ ಕೊಯ್ದಿದ್ದರು. ಅದನ್ನೊಂದು ದವಾಖಾನೆಯವರು ಔಷಧಿಯ ಕಪಾಟಿಗೆ ಹಾಕಿದ್ದರಂತೆ. ಹೊರಗೆ ರೋಗಿ, ಒಳಗೆ ಔಷಧಿ, ನಡುವೆ ನಮ್ಮ ಬೀಗ. ಕೊಯ್ದು ತೆಗೆದರು, ರೋಗಿಗೆ ಏನೂ ಆಗಲಿಲ್ಲ ಎಂದು ಯಾಕಮ್ಮನವರು ಹೇಳಿದರು. ಹೇಳುವಾಗ ಅವರ ದನಿ ಎಂದಿನಂತಿರಲಿಲ್ಲ.

ಮೇಸ್ತ್ರಿ ಕೊಯ್ದ ಬೀಗವನ್ನು ಕೈಯಲ್ಲಿ ಹಿಡಿದುಕೊಂಡು, ಕೀ ಬದಲಾಯಿಸಿ ತಮಾಷೆ ನೋಡೋರು ಈ ಕಾರ್ಖಾನೆಯಲ್ಲಿ ಒಬ್ಬರೇ ಇದ್ದಾರೆ, ಮೊನ್ನೆ ಸಲಹೆ ಪೆಟ್ಟಿಗೆಗೆ ಮಾಡಿದ್ದನ್ನ ಎಲ್ಲರೂ ನೋಡಿದೀರಿ, ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಸೋಮವಾರ ಬೆಳಗಿನ ಸಭೆಯಲ್ಲಿ ಇತ್ಯರ್ಥವಂತೆ.

ಅಪ್ಪ ತಲೆ ತಗ್ಗಿಸಿ ತಂತಿ ಸುತ್ತುತ್ತಿದ್ದ.

ಮಾರ್ಚ್ 24, ಭಾನುವಾರ

ಲೆಕ್ಕ ಸರಳವಾಗಿದೆ. ನನ್ನನ್ನು ತೆಗೆದರೆ ನನಗೆ ಬೇರೆಲ್ಲಾದರೂ ಡಬ್ಬಿ ಮುಚ್ಚುವ ಕೆಲಸ ಸಿಗುತ್ತದೆ. ಜಗತ್ತಿನಲ್ಲಿ ತೆರೆದ ಡಬ್ಬಿಗಳಿಗೆ ಬರವಿಲ್ಲ. ಅಪ್ಪನನ್ನು ತೆಗೆದರೆ ಅವನು ಸಾಣೆಯವನ ಹಾಗೆ ಬಾಗಿಲಲ್ಲಿ ಕೂತು ರಸ್ತೆ ನೋಡುತ್ತಾನೆ. ಅದೂ ಮಸುಕು ಮಸುಕಾಗಿ.

ಅಮ್ಮ ಎರಡು ಸಲ ಕೇಳಿದಳು, ಏನಾಗಿದೆ ನಿಮ್ಮಿಬ್ಬರಿಗೂ ಎಂದು. ಇಬ್ಬರೂ ಒಟ್ಟಿಗೆ ಏನಿಲ್ಲ ಎಂದೆವು.

ಮಾರ್ಚ್ 25, ಸೋಮವಾರ

ಎಲ್ಲವನ್ನೂ ಆದ ಹಾಗೇ ಬರೆಯುತ್ತೇನೆ.

ಮೇಸ್ತ್ರಿ ದೂರು ಹೇಳಿದರು. ಯಾಕಮ್ಮನವರು ನನ್ನನ್ನು ಕೇಳಿದರು. ನಾನು ಎರಡು ಹೆಜ್ಜೆ ಮುಂದೆ ಬಂದು, ಕೈ ಕಟ್ಟಿಕೊಂಡು, ಹೌದು, ಕೀಲಿಕೈಗಳನ್ನು ಬದಲಾಯಿಸಿದವಳು ನಾನೇ ಎಂದೆ. ದನಿ ನಡುಗಲಿಲ್ಲ, ನನಗೇ ಮೆಚ್ಚುಗೆಯಾಯಿತು. ಯಾಕೆ ಎಂದರು. ತಮಾಷೆಗೆ. ಯಾಕೆ ತಮಾಷೆ? ಬೇಜಾರಿಗೆ. ಯಾಕೆ ಬೇಜಾರು? ಡಬ್ಬಿ ಮುಚ್ಚಿ ಮುಚ್ಚಿ. ಹಾಗಿದ್ದರೆ ಹೋದ ವಾರವಿಡೀ ಯಾಕೆ ಪ್ರತಿಯೊಂದನ್ನೂ ಮೇಜಿನ ಕೆಳಗೆ ತಿರುಗಿಸಿ ನೋಡುತ್ತಿದ್ದಿರಿ ಎಂದರು.

ಈಕೆಯೂ ನೋಡುತ್ತಾ ಇದ್ದರೆಂದು ಯಾರಿಗೆ ಗೊತ್ತು.

ಮೇಸ್ತ್ರಿ ನಡುವೆ ಬಂದು, ಒಪ್ಕೊಂಡ ಮೇಲೆ ಇನ್ನೇನು ಮೇಡಂ, ಇವತ್ತೇ ಮನೆಗೆ ಕಳಿಸಿ ಎಂದರು. ಆಗ ಅಪ್ಪನ ದನಿ ಕೇಳಿಸಿತು. ಮೆತ್ತಗೆ, ಅಂಗಡಿಯಲ್ಲಿ ಚಿಲ್ಲರೆ ಕೇಳುವವನ ಹಾಗೆ.

“ಅವಳಲ್ಲ ಮೇಡಂ. ನನಗೆ ಅಂಕಿ ಕಾಣಿಸ್ತಾ ಇಲ್ಲ.”

ಅಪ್ಪ ಜೇಬಿನಿಂದ ಒಂದು ಕೀಲಿಕೈ ತೆಗೆದು ಎತ್ತಿ ಹಿಡಿದ.

“ಮೂರು, ಎಂಟು, ಆರು, ಎಲ್ಲಾ ಒಂದೇ ಥರ ಕಾಣುತ್ತೆ. ತುಂಬಾ ದಿನ ಆಯ್ತು.”

“ಮತ್ತೆ ಯಾಕಯ್ಯಾ ಹೇಳ್ಲಿಲ್ಲ?” ಎಂದರು ಮೇಸ್ತ್ರಿ.

ಅಪ್ಪ ಅವರ ಕಡೆ ತಿರುಗಿದ. ಅವರ ಮುಖವಾದರೂ ಅವನಿಗೆ ಸರಿಯಾಗಿ ಕಾಣುತ್ತಿತ್ತೋ ಇಲ್ಲವೋ.

“ಸಾಣೆಯವನು ಹೇಳಿದ್ದನಲ್ಲ.”

ಮೇಸ್ತ್ರಿ ನೆಲ ನೋಡಿದರು. ಸಾಣೆಯವನು ಯಾರು ಎಂದು ಯಾಕಮ್ಮನವರು ಕೇಳಿದರು. ಪೀಪಾಯಿ ಅಣ್ಣ ಹೇಳಿದ. ಹೇಳುತ್ತಾ ಹೇಳುತ್ತಾ ತನ್ನ ಮಣಿಕಟ್ಟು ವರ್ಷದಿಂದ ಊದಿಕೊಂಡಿರುವುದನ್ನೂ ತೋಳು ಮಡಚಿ ತೋರಿಸಿದ. ಅಂಕಿ ಒತ್ತುವ ಅಕ್ಕ ತನ್ನ ಯಂತ್ರದ ಪೆಡಲು ಜಾರುತ್ತದೆ ಎಂದಳು. ಇನ್ನೊಬ್ಬರು, ಮತ್ತೊಬ್ಬರು. ಹಸಿರು ದೀಪ ಹತ್ತಿ ಆರಿದರೂ ಸಭೆ ಮುಗಿಯಲಿಲ್ಲ.

ಮಾರ್ಚ್ 26, ಮಂಗಳವಾರ

ಅಪ್ಪ ಮಾತು ಬಿಟ್ಟಿದ್ದಾನೆ. ನನ್ನ ಜೊತೆ ಮಾತ್ರ. ಊಟಕ್ಕೆ ಕೂತಾಗ ಒಮ್ಮೆ ಬಾಯಿ ಬಿಟ್ಟ.

“ನನ್ನ ತಪ್ಪು ನೀನ್ಯಾಕೆ ಎತ್ಕೊಂಡೆ? ನಾನೇನು ಸತ್ತು ಹೋಗಿದ್ನಾ?”

ಕೆಲಸ ಉಳಿಸಲು ಹೋದವಳಿಗೆ ಈ ಬಹುಮಾನ. ಅಮ್ಮನಿಗೆ ಈಗ ಎಲ್ಲ ಗೊತ್ತಾಗಿದೆ. ಅವಳು ಇಬ್ಬರ ಜೊತೆಗೂ ಮಾತು ಬಿಟ್ಟಿದ್ದಾಳೆ. ಮನೆ ಎಷ್ಟು ಶಿಸ್ತಾಗಿದೆ ಎಂದರೆ ಡಬ್ಬಿಗಳ ಸದ್ದೂ ಇಲ್ಲ.

ಅಪ್ಪನನ್ನು ಇಟ್ಟುಕೊಳ್ಳುತ್ತಾರಾ ಎಂದು ಯಾಕಮ್ಮನವರನ್ನೇ ನೇರವಾಗಿ ಕೇಳಿದೆ. ಮುಖ್ಯ ಕಚೇರಿಗೆ ಹೇಳಿದ್ದೇನೆ, ಮಾತು ಕೊಡಲಾರೆ ಎಂದರು. ದಿನಕ್ಕೆ ನೂರು ಪ್ರಶ್ನೆ ಕೇಳುವವರಿಗೆ ಒಂದು ಉತ್ತರ ಕೊಡಲು ಬರುವುದಿಲ್ಲ.

ಮಾರ್ಚ್ 29, ಶುಕ್ರವಾರ

ಮೂರು ದಿನದಿಂದ ಕಾರ್ಖಾನೆ ಸಂತೆಯಾಗಿದೆ. ಕೀಲಿಕೈಯೂ ಬೀಗವೂ ಯಾಕೆ ಬೇರೆಯಾಗುತ್ತವೆ ಎಂಬ ಪ್ರಶ್ನೆ ಎದ್ದಿದೆ. ಹೊಳಪಿಗೆ ಹೋಗುತ್ತವಲ್ಲ, ಅದಕ್ಕೆ. ಕೀಲಿಕೈಗೆ ಹಲ್ಲು ಕೊರೆದ ಮೇಲೆ ಯಾಕೆ ಹೊಳಪು ಹಾಕಬೇಕು, ಮೊದಲೇ ಹಾಕಬಾರದಾ? ಎಲ್ಲರೂ ಪೀಪಾಯಿ ಅಣ್ಣನನ್ನು ನೋಡಿದರು. ಅವನು ತಲೆ ಕೆರೆದು, ಹಾಕಬಹುದು, ಇಲ್ಲೀವರೆಗೆ ಯಾರೂ ಕೇಳಿರಲಿಲ್ಲ ಎಂದ. ಈಗ ಹೊಳಪು ಮೊದಲು. ಆಮೇಲೆ ಹಲ್ಲು ಕೊರೆದು, ಕೀಲಿಕೈಯನ್ನು ಅದರ ಬೀಗಕ್ಕೇ ಸಿಕ್ಕಿಸಿ ಮುಂದಕ್ಕೆ ಕಳಿಸುವುದು. ರಾಶಿಯೂ ಇಲ್ಲ, ಅಂಕಿ ಹುಡುಕುವುದೂ ಇಲ್ಲ.

ಅಂಕಿ ಹುಡುಕುವುದಿಲ್ಲವಾದರೆ ಅಪ್ಪನ ಮೇಜು ಯಾಕೆ ಎಂದು ಮೇಸ್ತ್ರಿ ಕೇಳಿದರು. ಕೊರೆಯುವ ಯಂತ್ರ ತಪ್ಪುವುದೇ ಇಲ್ಲವಾ ಎಂದರು ಯಾಕಮ್ಮನವರು. ತಪ್ಪಬಹುದು ಎಂದು ಮೇಸ್ತ್ರಿಯೇ ಒಪ್ಪಬೇಕಾಯಿತು. ಹಾಗಾದರೆ ಪ್ರತಿಯೊಂದನ್ನೂ ತಿರುಗಿಸಿ ನೋಡುವವರು ಒಬ್ಬರು ಬೇಕು. ತಿರುಗಿಸಲು ಕಣ್ಣು ಬೇಡ.

ಮುಖ್ಯ ಕಚೇರಿಯಿಂದ ಉತ್ತರ ಬಂತು: ಕೆಲವು ತಿಂಗಳು ಹೀಗೇ ನಡೆಯಲಿ, ನೋಡೋಣ. ‘ನೋಡೋಣ’ ಎಂಬ ಮಾತನ್ನು ನಂಬಿ ಬದುಕುವುದು ಹೇಗೋ, ಆದರೂ ಮೂರು ದಿನದ ಮೇಲೆ ಅಮ್ಮ ಮಾತಾಡಿದಳು.

ಯಾಕಮ್ಮನವರು ಸಾಣೆಯವನ ಮನೆಗೂ ಹೋಗಿ ಬಂದರಂತೆ. ಅವನು ಬಾಗಿಲಲ್ಲೇ ನಿಂತು ಎಲ್ಲ ಕೇಳಿ, ಬರಲ್ಲ, ಎಂದನಂತೆ. ಆಕೆ ಅದನ್ನು ಸಭೆಯಲ್ಲಿ ಎಲ್ಲರಿಗೂ ಹೇಳಿದರು. ಹೇಳಿ, ಚಾಕ್‌ಪೀಸನ್ನು ಕೈಯಲ್ಲಿ ಹೊರಳಿಸುತ್ತಾ ನಿಂತರು.

ಏಪ್ರಿಲ್ 3, ಬುಧವಾರ

ಅಪ್ಪನಿಗೆ ಕಣ್ಣಿನ ಪೊರೆ ಅಂತೆ, ತೆಗೆಯಬಹುದಂತೆ. ಒಂದು ಕಣ್ಣು ಮುಂದಿನ ತಿಂಗಳು, ಇನ್ನೊಂದು ಆಮೇಲೆ. ಇಷ್ಟು ಸಣ್ಣ ವಿಷಯವನ್ನು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನಲ್ಲ ಎಂದು ಬೈಯಲು ಹೋದೆ. ಅವನು ಮೊದಲೇ, ನೀನು ಹತ್ತು ದಿನ ಇಟ್ಕೊಂಡಿರ್ಲಿಲ್ವಾ, ಎಂದ. ಅಂತೂ ಮಾತು ಶುರುವಾಯಿತು.

ಹಲಗೆಯ ಮೇಲಿನ ಲೆಕ್ಕ ಇಳಿದಿದೆ. ಮೇಸ್ತ್ರಿಗೆ ನಿದ್ದೆ ಬರುತ್ತಿಲ್ಲವಂತೆ. ಹಲಗೆ ಕಣ್ಣಿಗೆ ಬೀಳದ ಜಾಗದಲ್ಲಿ ಅವರಿಗೊಂದು ಕುರ್ಚಿ ಹಾಕಿಕೊಡಿ ಎಂದು ಸಲಹೆ ಬರೆದು ಹಾಕಿದ್ದೇನೆ. ಬರೆಯುವಾಗ ತಮಾಷೆ ಎಂದುಕೊಂಡಿದ್ದೆ. ಹಾಕಿದ ಮೇಲೆ ಅಷ್ಟು ಖಚಿತವಿಲ್ಲ. ಪಾಪ, ಮಂಡಿ ನೋವಂತೆ.

ಏಪ್ರಿಲ್ 8, ಸೋಮವಾರ

ಇಂದಿನ ಸಭೆಯಲ್ಲಿ ಯಾರಿಗೇನು ತೊಂದರೆ ಎಂದು ಕೇಳುವ ಮುಂಚೆಯೇ ಅಪ್ಪ ಕೈ ಎತ್ತಿದ. ಅವನು ಕೈ ಎತ್ತಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

“ನನ್ನ ತೊಂದರೆ ನನ್ನ ಮಗಳು,” ಎಂದ.

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

“ನಾನು ತಿರುಗಿಸಿ ನೋಡಿ ಕೊಟ್ಟಿದ್ದನ್ನೆಲ್ಲ ಇವಳು ಮೇಜಿನ ಕೆಳಗೆ ಹಿಡಿದು ಇನ್ನೊಂದ್ಸಲ ತಿರುಗಿಸ್ತಾಳೆ. ಒಂದೇ ಕೆಲಸ ಎರಡು ಸಲ. ಇವಳ ಮೇಜನ್ನ ದೂರ ಹಾಕ್ಸಿ ಮೇಡಂ.”

ಯಾಕೆ ಹಾಗೆ ಮಾಡುತ್ತೀರಿ ಎಂದು ಯಾಕಮ್ಮನವರು ನನ್ನನ್ನು ಕೇಳಿದರು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಇಡೀ ಕಾರ್ಖಾನೆ ನನ್ನ ಬಾಯಿಯನ್ನೇ ನೋಡುತ್ತಿತ್ತು. ಇಂಥ ಸದವಕಾಶ ನನಗೆ ಮತ್ತೆ ಸಿಗಲಾರದು, ಕೈತಪ್ಪಿಹೋಯಿತು.

ಊಟದೊಳಗೆ ಮೇಜು ಆಚೆ ಕೊನೆಯ ಬಾಗಿಲಿಗೆ ಹೋಯಿತು. ಒಂದು ತುದಿಯನ್ನು ಮೇಸ್ತ್ರಿಯೇ ಖುದ್ದಾಗಿ, ಬಹಳ ಉತ್ಸಾಹದಿಂದ ಹೊತ್ತರು. ಅಪ್ಪ ಕೊಟ್ಟದ್ದು ಈಗ ತಟ್ಟೆಯಲ್ಲಿ ನನ್ನ ಹತ್ತಿರ ಬರುತ್ತದೆ. ಅಲ್ಲಿಂದ ಅವನ ಮುಖ ಕಾಣುವುದಿಲ್ಲ, ಕೈಯೂ ಕಾಣುವುದಿಲ್ಲ. ಪೀಪಾಯಿ ನಿಂತಾಗ ಮಾತ್ರ ಒಂದೊಂದೇ ಬೀಗ ತೆರೆದು ಮುಚ್ಚುವ ಸದ್ದು ಕೇಳಿಸುತ್ತದೆ. ಅವಸರವಿಲ್ಲದ ಸದ್ದು.

ಮಧ್ಯಾಹ್ನವೆಲ್ಲ ಕೈ ತುರಿಸುತ್ತಿತ್ತು. ಸಂಜೆಯವರೆಗೆ ಬಂದ ಅಷ್ಟನ್ನೂ, ಒಂದನ್ನೂ ತಿರುಗಿಸದೆ, ಡಬ್ಬಿಗೆ ಹಾಕಿ ಮುಚ್ಚಿದೆ.